ಮೇಣದ ಪೆಟ್ಟಿಗೆಗೆ ಬಿದ್ದ ಕೊಸರು

ಸಾದಲಿಯ ವೆಂಕಟರತ್ನಮ್ಮ ತನ್ನ ಜೀವಮಾನದಲ್ಲಿ ಯಾರಿಗೂ ಬರೀ ಅಳತೆ ಕೊಟ್ಟವಳಲ್ಲ. ಅವರೆಕಾಯಿ ಅಳೆದರೆ ಸೇರಿನ ಮೇಲೊಂದು ಹಿಡಿ, ಹಾಲು ಹೊಯ್ದರೆ ಪಾವಿನ ಮೇಲೊಂದು ಧಾರೆ. ತೂಕ ಮುಗಿದು ತಕ್ಕಡಿ ಕೆಳಗಿಳಿದ ಮೇಲೆ ಬೀಳುವ ಆ ಹೆಚ್ಚಿನ ಪಾಲಿಗೆ ಆ ಸೀಮೆಯ ಕನ್ನಡದವರೂ ತೆಲುಗಿನವರೂ ಒಂದೇ ಮಾತಿನಲ್ಲಿ ಕೊಸರು ಎನ್ನುತ್ತಾರೆ. ಕೊಳ್ಳುವವರು ಕೇಳಿ, ಗೋಗರೆದು ಪಡೆಯುವ ಕೊಸರು ಬೇರೆ. ರತ್ನಮ್ಮನದು ಕೇಳುವ ಮೊದಲೇ ಬೀಳುವ ಕೊಸರು. ಅದರಲ್ಲಿ ಧಾರಾಳವೆಷ್ಟಿತ್ತೋ ಜಂಬವೂ ಅಷ್ಟೇ ಇತ್ತು. ತನ್ನ ಕೈಯಿಂದ ಹೋದ ಪಾತ್ರೆಯನ್ನು ಯಾರಾದರೂ ಬಗ್ಗಿ ನೋಡಿ ‘ಕೊರತೆ’ ಎಂದಾರು ಎಂಬ ಯೋಚನೆಯೇ ಆಕೆಗೆ ಅವಮಾನವಾಗಿತ್ತು.

ಮದುವೆಯಾಗಿ ಬಂದಂದಿನಿಂದ ಆಕೆ ಮಾಡಿದ್ದು ಚಾಕಿಯ ಕೆಲಸ. ಮೊಟ್ಟೆಯೊಡೆದ ರೇಷ್ಮೆಹುಳುಗಳನ್ನು ಎರಡನೆಯ ಜ್ವರ ಏಳುವವರೆಗೆ ಸಾಕಿ ರೈತರ ಕೈಗೆ ಒಪ್ಪಿಸುವುದೇ ಚಾಕಿ. ಹುಳು ಮೇವು ಬಿಟ್ಟು ತಲೆಯೆತ್ತಿ ನಿಶ್ಚಲವಾಗಿ ಕೂತು ಹಳೆಯ ಪೊರೆ ಕಳಚುವುದಕ್ಕೆ ಅಲ್ಲಿಯವರು ಜ್ವರ ಎಂದು ಹೆಸರಿಟ್ಟಿದ್ದಾರೆ. ಎಳೆಯ ಹುಳುವಿಗೆ ಮನೆಯ ಶಾಖ ಇಪ್ಪತ್ತೆಂಟು ಡಿಗ್ರಿಯ ಆಸುಪಾಸಿನಲ್ಲಿರಬೇಕು. ಅದಕ್ಕಾಗಿ ಆಕೆ ಪಟ್ಟ ಪಾಡನ್ನು ಪಾಡೆಂದು ಆಕೆ ಎಂದೂ ಕರೆಯಲಿಲ್ಲ. ಬೇಸಿಗೆಯಲ್ಲಿ ಕಿಟಕಿಗಳಿಗೆ ಗೋಣಿತಾಟು ಕಟ್ಟಿ ನೀರು ಚಿಮುಕಿಸುವುದು, ಚಳಿಗಾಲದಲ್ಲಿ ಕೆಂಡದ ಬಾಂಡಲಿಯನ್ನು ಮೂಲೆಯಿಂದ ಮೂಲೆಗೆ ಸರಿಸುವುದು, ಅಡುಗೆಯ ನಡುವೆ, ಊಟದ ನಡುವೆ, ಎದ್ದು ಹೋಗಿ ಗೋಡೆಯ ಥರ್ಮಾಮೀಟರ್ ನೋಡಿ ಬರುವುದು. ಅಕ್ಕನ ಮಗಳ ಧಾರೆಯ ಹೊತ್ತಿನಲ್ಲೂ ಆಕೆ ಛತ್ರದಲ್ಲಿ ಇರಲಿಲ್ಲ. ಹುಳ ಜ್ವರಕ್ಕೆ ಕೂತಿತ್ತು.

ಊರಿನ ಚಿಕ್ಕ ಚಾಕಿ ಮನೆಗಳೆಲ್ಲ ಸೇರಿ ಶಿಡ್ಲಘಟ್ಟದ ಹತ್ತಿರ ಒಂದೇ ದೊಡ್ಡ ಕೇಂದ್ರವಾದಾಗ ರತ್ನಮ್ಮನ ಕೈ ಬರಿದಾಯಿತು. ಗಂಡ ಚನ್ನಕೇಶವನಿಗೆ ಹಿಪ್ಪುನೇರಳೆ ತೋಟವಿತ್ತು. ಆಕೆಗೆ ಏನೂ ಉಳಿಯಲಿಲ್ಲ. ಆಗ ಚಿಕ್ಕಬಳ್ಳಾಪುರದಿಂದ ಕಳವಾರದ ಕಡೆಗೆ ಹೋಗುವ ರಸ್ತೆಯಲ್ಲಿ, ಸ್ಕಂದಗಿರಿ ತಲೆಯ ಮೇಲೇ ನಿಂತಂತೆ ಕಾಣುವ ಜಾಗದಲ್ಲಿ, ಒಂದು ಸಣ್ಣ ಕಾರ್ಖಾನೆಯವರು ಚೊಕ್ಕಟವಾಗಿ ಕೆಲಸ ಮಾಡುವ ಹೆಂಗಸರು ಬೇಕೆಂದು ಹೇಳಿಕಳಿಸಿದ್ದರು. ಅಲ್ಲಿ ಉಪಗ್ರಹಗಳಿಗೆ ಬೇಕಾದ ಪೆಟ್ಟಿಗೆಗಳನ್ನು ಮಾಡುತ್ತಾರೆ ಎಂದು ಕೇಳಿದಾಗ ರತ್ನಮ್ಮ ಹೆದರಲೂ ಇಲ್ಲ, ಹಿಗ್ಗಲೂ ಇಲ್ಲ. ತೊಳೆದು ಮಡಿಸಿಟ್ಟಿದ್ದ ಸೀರೆ ಉಟ್ಟು ಬಸ್ಸು ಹತ್ತಿದಳು.

ಕಾರ್ಖಾನೆಯ ಮೇಲ್ವಿಚಾರಕ ಸುನೀಲ್‌ಕುಮಾರ್ ನಿಯಮಗಳನ್ನು ಒಪ್ಪಿಸಿದ. “ಅಮ್ಮಾ, ಇಲ್ಲಿ ತಲೆಗೆ ಟೋಪಿ, ಕಾಲಿಗೆ ಚೀಲ, ಕೈಗೆ ಗ್ಲೌಸು. ಒಳಗಡೆ ಒಂದು ಚೂರು ಧೂಳು ಬರಬಾರದು. ನಿಮ್ಮ ಕೈಲಿ ಆಗುತ್ತಾ?”

ರತ್ನಮ್ಮ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. “ನಮ್ಮ ಹುಳದ ಮನೆಯಾಗಿದ್ರೆ ನಾನು ನಿಮ್ಮನ್ನೇ ಒಳಕ್ಕೆ ಬಿಡ್ತಿರಲಿಲ್ಲ ಸಾರ್. ನೀವು ಹಾಕಿರೋ ಸೆಂಟಿಗೇ ಅರ್ಧ ಹುಳ ಸತ್ತೋಗೋವು.”

ಪಕ್ಕದಲ್ಲಿ ನಿಂತಿದ್ದ ಲುಬ್ನಾ ಎಂಬ ಹುಡುಗಿ ಕಿಸಕ್ಕನೆ ನಕ್ಕಳು. ಶಿಡ್ಲಘಟ್ಟದಲ್ಲಿ ರೇಷ್ಮೆಗೂಡಿನಿಂದ ನೂಲು ಬಿಚ್ಚುವವರ ಮನೆಯ ಮಗಳು. ಪಾಲಿಟೆಕ್ನಿಕ್ ಓದಿ ಅಲ್ಲಿ ಬೆಸುಗೆಯ ಕೆಲಸಕ್ಕಿದ್ದಳು. ಅಂದಿನಿಂದ ಇಬ್ಬರೂ ಒಂದೇ ಬೆಂಚಿನಲ್ಲಿ ಕೂತು ಊಟ ಮಾಡತೊಡಗಿದರು.

ರತ್ನಮ್ಮನ ಪಾಲಿಗೆ ಬಂದದ್ದು ಮೇಣ ತುಂಬುವ ಕೆಲಸ. ಪುಸ್ತಕದಷ್ಟೇ ಗಾತ್ರದ ಅಲ್ಯೂಮಿನಿಯಂ ಪೆಟ್ಟಿಗೆ. ಒಳಗೆ ಜೇನುಗೂಡಿನ ಹಾಗೆ ತೆಳ್ಳನೆಯ ಗೋಡೆಗಳು. ಮೇಲೆ ಬೆರಳಿನಷ್ಟು ದಪ್ಪದ ಒಂದು ಕೊಳವೆ. ಆ ಕೊಳವೆಯ ಮೂಲಕ ಕರಗಿದ ಮೇಣವನ್ನು ಹೊಯ್ಯಬೇಕು. ಬಿಳಿಯ, ವಾಸನೆಯಿಲ್ಲದ ಮೇಣ. ಅದು ಕೈಯಲ್ಲಿ ಹಿಡಿದರೇ ಕರಗಿಹೋಗುವುದನ್ನು ಕಂಡು ಆಕೆಗೆ ಮೊದಲ ದಿನವೇ ಸೋಜಿಗವಾಗಿತ್ತು.

“ಇದ್ಯಾವ ಮೇಣ ಹರಿತಮ್ಮ? ದೀಪಕ್ಕೂ ಆಗಲ್ಲ, ಬೊಂಬೆಗೂ ಆಗಲ್ಲ. ಇದನ್ನ ಆಕಾಶಕ್ಕೆ ಕಳಿಸಿ ಏನು ಮಾಡ್ತಾರೆ?”

ಹರಿತಾ ಅಲ್ಲಿಯ ಎಂಜಿನಿಯರು, ಗೌರಿಬಿದನೂರಿನವಳು. ಕೆಲಸದಲ್ಲಿ ಬಿಗಿ, ಮಾತಿನಲ್ಲಿ ಬಿಗಿಯಲ್ಲ. “ಉಪಗ್ರಹ ಇದೆಯಲ್ಲ ರತ್ನಮ್ಮನೋರೆ, ಅದು ಭೂಮಿ ಸುತ್ತುತ್ತಾ ಒಂದ್ಸಲ ಬಿಸಿಲಿಗೆ ಬರುತ್ತೆ, ಒಂದ್ಸಲ ಭೂಮಿ ನೆರಳಿಗೆ ಹೋಗುತ್ತೆ. ಬಿಸಿಲಲ್ಲಿ ಸುಡೋ ಬಿಸಿ, ನೆರಳಲ್ಲಿ ಐಸಿಗಿಂತ ತಣ್ಣಗೆ. ಒಳಗಿರೋ ಬ್ಯಾಟರಿ ಎರಡನ್ನೂ ತಡೆಯಲ್ಲ.”

“ಒಂದು ಫ್ಯಾನ್ ಹಾಕಿ.”

“ಅಲ್ಲಿ ಗಾಳಿನೇ ಇಲ್ಲ ಆಂಟಿ! ಫ್ಯಾನ್ ಏನನ್ನ ಬೀಸುತ್ತೆ?” ಎಂದು ಲುಬ್ನಾ ನಡುವೆ ಬಾಯಿ ಹಾಕಿದಳು.

“ಅದಕ್ಕೇ ಈ ಮೇಣ,” ಎಂದಳು ಹರಿತಾ. “ಬಿಸಿ ಬಂದಾಗ ಇದು ಅದನ್ನ ಕುಡಿದು ಕರಗುತ್ತೆ. ಚಳಿ ಬಂದಾಗ ಕುಡಿದಿದ್ದನ್ನ ವಾಪಸ್ ಕೊಟ್ಟು ಗಟ್ಟಿಯಾಗುತ್ತೆ. ಬ್ಯಾಟರಿಗೆ ಆಕಡೆನೂ ಗೊತ್ತಾಗಲ್ಲ, ಈಕಡೆನೂ ಗೊತ್ತಾಗಲ್ಲ. ಇದು ಕರಗೋದು ಇಪ್ಪತ್ತೆಂಟು ಡಿಗ್ರಿಗೆ.”

ರತ್ನಮ್ಮನ ಕೈ ನಿಂತಿತು. “ಎಷ್ಟಕ್ಕೆ?”

“ಇಪ್ಪತ್ತೆಂಟು.”

“ಅಯ್ಯೋ ದೇವುಡಾ! ಅದು ಚಾಕಿ ಮನೆ ಶಾಖ ಅಲ್ಲೇನಮ್ಮಾ!”

ಅಂದು ಬಸ್ಸಿನಲ್ಲಿ, ಕೈವಾರಕ್ಕೆ ಹೋಗಿ ಮರಳುತ್ತಿದ್ದ ಭಜನೆಯವರ ಗದ್ದಲದ ನಡುವೆ, ಆಕೆ ಕಿಟಕಿಯಾಚೆ ನೋಡುತ್ತ ಕೂತಿದ್ದಳು. ಗೋಣಿತಾಟಿಲ್ಲ, ಕೆಂಡವಿಲ್ಲ, ಎದ್ದು ಹೋಗಿ ನೋಡಿಬರುವ ಹೆಂಗಸಿಲ್ಲ. ಗಾಳಿಯೂ ಇಲ್ಲದ ಆ ಬಯಲಿನಲ್ಲಿ ಒಂದು ಹಿಡಿ ಮೇಣ ತಾನೇ ಕರಗಿ ತಾನೇ ಹೆಪ್ಪುಗಟ್ಟಿ, ಯಾರೂ ಹೇಳದೆ, ತಾನು ಚಾಕಿ ಮನೆಯಲ್ಲಿ ಹಗಲಿರುಳು ಕಾದ ಅದೇ ಶಾಖವನ್ನು ಕಾಯುತ್ತದೆ. ಇದನ್ನು ಯಾರಿಗೆ ಹೇಳುವುದು? ಮನೆಯಲ್ಲಿ ಚನ್ನಕೇಶವನಿಗೆ ಹೇಳಿದಳು. ಅವನು ಊಟದ ತಟ್ಟೆಯಿಂದ ತಲೆಯೆತ್ತದೆ, “ಹಂಗಾದ್ರೆ ಮೇಲೆ ಹುಳ ಸಾಕಬಹುದು ಬಿಡು,” ಎಂದ.

ತಿಂಗಳುಗಳ ಕಾಲ ಆಕೆ ತುಂಬಿದ್ದು ಅಭ್ಯಾಸದ ಪೆಟ್ಟಿಗೆಗಳನ್ನು. ಹೊಯ್ದ ಕೂಡಲೇ ಹರಿತಾ ಅವನ್ನು ಬಿಸಿಬಿಸಿಯಾಗಿಯೇ ಒಯ್ದುಬಿಡುತ್ತಿದ್ದಳು. ಆಮೇಲೆ ಏನಾಗುತ್ತದೆ ಎಂಬುದನ್ನು ರತ್ನಮ್ಮ ನೋಡಿರಲಿಲ್ಲ, ಕೇಳಿಯೂ ಇರಲಿಲ್ಲ. ಬಳಿಕ ನಿಜವಾಗಿ ಹಾರುವ ಪೆಟ್ಟಿಗೆ ಬಂತು. ಆ ಒಂದು ಪೆಟ್ಟಿಗೆಗಾಗಿ ಕಾರ್ಖಾನೆ ವರ್ಷವಿಡೀ ದುಡಿದಿತ್ತು. ಅದು ಪರೀಕ್ಷೆಯಲ್ಲಿ ಗೆದ್ದರೆ ಮುಂದಿನವೂ ಬರುತ್ತವೆ, ಸೋತರೆ ಬಾಗಿಲು ಹಾಕಬೇಕಾದೀತು ಎಂಬುದು ಗುಡಿಸುವವರಿಗೂ ಗೊತ್ತಿತ್ತು. ಒಂದು ಸಂಜೆ ರತ್ನಮ್ಮ ಉಸಿರು ಬಿಗಿಹಿಡಿದು ಅದಕ್ಕೆ ಮೇಣ ಹೊಯ್ದಳು. ಹರಿತಾ ತೂಗಿ, ತೂಕ ಸರಿಯಿದೆಯೆಂದು ತಲೆದೂಗಿದಳು. “ಬೆಳಗ್ಗೆವರೆಗೂ ತಣ್ಣಗಾಗಲಿ. ಬಂದ ಮೇಲೆ ಲುಬ್ನಾ ಕೊಳವೆ ಮುಚ್ತಾಳೆ. ಇದು ನಿಮ್ಮ ಸುಪರ್ದಿಗೆ ರತ್ನಮ್ಮನೋರೆ.”

ಬೆಳಗ್ಗೆ ಎಲ್ಲರಿಗಿಂತ ಮೊದಲು ಒಳಗೆ ಬಂದವಳು ಆಕೆಯೇ. ದೀಪ ಹಿಡಿದು ಕೊಳವೆಯೊಳಗೆ ಬಗ್ಗಿ ನೋಡಿದಳು. ರಾತ್ರಿಯಲ್ಲಿ ಮೇಣ ಕುಸಿದಿತ್ತು. ನಡುವೆ ತಗ್ಗುಬಿದ್ದು, ಬಾಣಂತಿಯ ಹೊಟ್ಟೆಯಂತೆ ಒಳಗಿಳಿದಿತ್ತು.

ಅಳತೆ ಕೊರತೆಯಾಗಿ ಹೊರಡುತ್ತಿದೆ! ಅದೂ ಯಾವ ಪಾತ್ರೆ? ಸೀಮೆಯಲ್ಲಿ ಹುಟ್ಟಿದ ಯಾರ ಕೈಯಿಂದಲೂ ಹೋಗದಷ್ಟು ದೂರ ಹೋಗುವ ಪಾತ್ರೆ. ಹರಿತಾಳನ್ನು ಕೇಳಬಹುದಿತ್ತು. ಆದರೆ ಕೊಸರು ಹಾಕಲು ಯಾರನ್ನಾದರೂ ಕೇಳುವುದುಂಟೆ? ರತ್ನಮ್ಮ ಮೇಣ ಕರಗಿಸಿದಳು. ಸಣ್ಣ ಆಲಿಕೆಯಿಟ್ಟು ತಗ್ಗು ಮುಚ್ಚುವವರೆಗೆ ಹೊಯ್ದಳು. ‘ಹೋಗಿ ಬಾರಮ್ಮ, ಕೊರತೆಯಿಲ್ಲದೆ ಹೋಗಿ ಬಾ’ ಎಂದು ಮನಸ್ಸಿನಲ್ಲೇ ಹರಸಿದಳು. ಸ್ವಲ್ಪ ಹೊತ್ತಿನಲ್ಲಿ ಲುಬ್ನಾ ಬಂದು ಕೊಳವೆಯನ್ನು ಹಿಚುಕಿ ಬೆಸೆದಳು.

ಮಾರನೆಯ ದಿನ ಪರೀಕ್ಷೆ. ಗಾಳಿ ತೆಗೆದ ಉಕ್ಕಿನ ಹಂಡೆಯಂಥ ಕೋಣೆಯೊಳಗೆ ಪೆಟ್ಟಿಗೆಯನ್ನಿಟ್ಟು ಮುಚ್ಚಿ, ಬಾಹ್ಯಾಕಾಶದ ಬಿಸಿಯನ್ನೂ ಚಳಿಯನ್ನೂ ಅದಕ್ಕೆ ಉಣಿಸಬೇಕು. ಹೊರಗಿನ ಪರದೆಯಲ್ಲಿ ಪೆಟ್ಟಿಗೆಯ ಶಾಖ ಅಂಕಿಯಾಗಿ ಕಾಣುತ್ತದೆ. ಆರಂಭದ ಚಳಿ ಬಿಟ್ಟು ಅಂಕಿ ಮೆಲ್ಲನೆ ಮೇಲೇರುತ್ತಿದ್ದಾಗ ಹರಿತಾ ಎಲ್ಲರನ್ನೂ ಕರೆದಳು. ಮೇಜಿನ ಮೇಲೆ ಗಾಜಿನ ಗೋಡೆಯ ಒಂದು ಪೆಟ್ಟಿಗೆಯಿತ್ತು. ಒಳಗೆ ಅದೇ ಮೇಣ, ಕೆಳಗೆ ಬಿಸಿ ತಟ್ಟೆ, ಪಕ್ಕದಲ್ಲಿ ಶಾಖ ತೋರುವ ಅಂಕಿ.

“ಇಷ್ಟು ದಿನ ದುಡಿದ್ರಿ. ಒಳಗೆ ಏನಾಗುತ್ತೆ ಅಂತ ಒಂದ್ಸಲ ಕಣ್ಣಲ್ಲಿ ನೋಡಿ.”

ಅಂಕಿ ಇಪ್ಪತ್ತಾರಾಯಿತು, ಇಪ್ಪತ್ತೇಳಾಯಿತು, ಇಪ್ಪತ್ತೆಂಟಾಯಿತು. ಆಮೇಲೆ ನಿಂತಿತು. ಬಿಸಿ ತಟ್ಟೆ ಉರಿಯುತ್ತಲೇ ಇತ್ತು, ಅಂಕಿ ಮಾತ್ರ ಕದಲಲಿಲ್ಲ. ಬಿಳಿಯ ಮೇಣದ ಅಂಚುಗಳಲ್ಲಿ ಮೊದಲು ಒಂದು ಮಿನುಗು ಕಾಣಿಸಿತು. ಅದು ಹಬ್ಬಿ, ಕಲ್ಲಿನಂತಿದ್ದುದು ಒಳಗಿನಿಂದಲೇ ಬೆಳಗಾದಂತೆ ತಿಳಿಯಾಗತೊಡಗಿತು. ಗಾಜಿನಾಚೆ ನಿಂತಿದ್ದ ಲುಬ್ನಾಳ ಮುಖ ಮೇಣದೊಳಗಿಂದ ನಿಧಾನವಾಗಿ ಮೂಡಿತು.

“ಇಷ್ಟು ಬಿಸಿ ಹೋಗ್ತಾ ಇದೆಯಲ್ಲಮ್ಮ, ಎಲ್ಲಿ ಅಡಗ್ತಾ ಇದೆ?” ರತ್ನಮ್ಮನ ದನಿ ಗುಡಿಯಲ್ಲಿ ಮಾತಾಡುವಷ್ಟು ತಗ್ಗಿತ್ತು.

“ಕರಗೋ ಕೆಲಸಕ್ಕೇ ಪೂರ್ತಿ ಖರ್ಚಾಗ್ತಿದೆ. ಕರಗಿ ಮುಗಿಯೋವರೆಗೂ ಶಾಖ ಏರಲ್ಲ.”

ರತ್ನಮ್ಮನಿಗೆ ಜ್ವರಕ್ಕೆ ಕೂತ ಹುಳು ನೆನಪಾಯಿತು. ಹೊರಗೆ ನೋಡಿದರೆ ಅಲುಗುವುದಿಲ್ಲ, ತಿನ್ನುವುದಿಲ್ಲ. ಒಳಗೆ ಇಡೀ ದೇಹ ಹೊಸದಾಗುತ್ತಿರುತ್ತದೆ. ಇಂಥದ್ದನ್ನು ತಾನು ಕೈಯಾರೆ ತುಂಬಿದ್ದೇನೆ ಎಂದು ಕಣ್ಣು ತುಂಬಿತು.

“ಮೇಲೆ ನೋಡಿ,” ಎಂದಳು ಹರಿತಾ. “ಮೇಲ್ಗಡೆ ಖಾಲಿ ಜಾಗ ಇತ್ತಲ್ಲ, ಅದು ತುಂಬ್ತಾ ಇದೆ. ಕರಗಿದಾಗ ಮೇಣ ಹಿಗ್ಗುತ್ತೆ. ಅದಕ್ಕೇ ತೂಕ ಮಾಡಿ ಅಷ್ಟೇ ಹಾಕೋದು. ಗಟ್ಟಿಯಾದಾಗ ತಗ್ಗು ಬೀಳುತ್ತೆ ನೋಡಿ, ಆ ತಗ್ಗೇ ಅದಕ್ಕೆ ಉಸಿರಾಡೋ ಜಾಗ. ಅದಿಲ್ಲದಿದ್ರೆ ಪೆಟ್ಟಿಗೆ ಸೀಳಿಹೋಗುತ್ತೆ.”

ರತ್ನಮ್ಮ ಪರದೆಯ ಕಡೆ ತಿರುಗಿದಳು. ಹಾರುವ ಪೆಟ್ಟಿಗೆಯ ಅಂಕಿ ಇಪ್ಪತ್ತೆರಡು.

ಲುಬ್ನಾಳ ತೋಳು ಹಿಡಿದು ಪಕ್ಕಕ್ಕೆಳೆದಳು. “ಕೊಸರು ಹಾಕ್ಬಿಟ್ಟೆ ಕಣೇ.”

“ಏನು ಕೊಸರು?”

“ತಗ್ಗು ಬಿದ್ದಿತ್ತು. ತುಂಬಿಬಿಟ್ಟೆ. ನೀನು ಮುಚ್ಚೋಕೆ ಮುಂಚೆ.”

ಲುಬ್ನಾಳ ಮುಖದ ಬಣ್ಣ ಇಳಿಯಿತು. “ಯಾ ಅಲ್ಲಾ… ಸುಮ್ನಿರಿ ಆಂಟಿ. ಯಾರೂ ನೋಡಿಲ್ಲ. ಏನೂ ಆಗದೇನೂ ಇರಬಹುದು. ಹೇಳಿದ್ರೆ ನಿಮ್ಮನ್ನ ನಾಳೆಯಿಂದ ಗೇಟಿನ ಒಳಕ್ಕೆ ಬಿಡಲ್ಲ.”

ಅದು ಸುಳ್ಳಲ್ಲ. ಸುಮ್ಮನಿದ್ದು ಪೆಟ್ಟಿಗೆ ಸೀಳಿದರೆ ಲೋಹದ ತಪ್ಪೆನ್ನುತ್ತಿದ್ದರು, ಬೆಸುಗೆಯ ತಪ್ಪೆನ್ನುತ್ತಿದ್ದರು. ಬೆಸುಗೆ ಎಂದರೆ ಈ ಹುಡುಗಿ. ರತ್ನಮ್ಮನಿಗೆ ಅದು ಹೊಳೆಯಿತು. ಲುಬ್ನಾಳಿಗೆ ಇನ್ನೂ ಹೊಳೆದಿರಲಿಲ್ಲ. ಆದರೆ ಆಕೆಯನ್ನು ತಳ್ಳಿದ್ದು ಅದೊಂದೇ ಅಲ್ಲ. ಈಗತಾನೆ ಕಣ್ಣಾರೆ ಕಂಡ ಆ ಬೆಳಕಿನಂಥ ವಸ್ತು ಒಳಗೆ ಉಸಿರಾಡಲು ಜಾಗವಿಲ್ಲದೆ ಕೂತಿದೆ, ಜಾಗ ಕಿತ್ತುಕೊಂಡವಳು ತಾನು. ಅದನ್ನು ನೋಡುತ್ತ ನಿಲ್ಲುವುದು ಆಕೆಯಿಂದ ಆಗದ ಕೆಲಸ.

“ಹರಿತಮ್ಮ, ಬಿಸಿ ನಿಲ್ಲಿಸಿ. ನಾನು ತಪ್ಪು ಮಾಡಿದೀನಿ. ಆ ಪೆಟ್ಟಿಗೆಗೆ ನಿನ್ನೆ ಬೆಳಗ್ಗೆ ಇನ್ನಷ್ಟು ಮೇಣ ಹಾಕ್ಬಿಟ್ಟಿದೀನಿ. ತಗ್ಗು ಉಳಿದಿಲ್ಲ.”

ಸುನೀಲ್‌ಕುಮಾರ್ ಮೊದಲು ಬಾಯಿ ತೆರೆದ. “ಏನಂದ್ರಿ? ಹಾಕಿ ಅಂತ ಯಾರು ಹೇಳಿದ್ದು?”

“ಯಾರೂ ಹೇಳಲಿಲ್ಲ ಸಾರ್. ಕೊರತೆ ಕಾಣ್ತು, ಹಾಕಿದೆ.”

“ಇದೇನು ಸಂತೆ ಅವರೆಕಾಯೇನ್ರಿ?”

ಆ ಮಾತು ಬೆನ್ನ ಮೇಲೆ ಬಿದ್ದ ಬಾರುಕೋಲಿನಂತಿತ್ತು. ರತ್ನಮ್ಮ ತಲೆ ತಗ್ಗಿಸಲಿಲ್ಲ. ಹರಿತಾ ಆಗಲೇ ಗುಂಡಿ ಒತ್ತಿ ಬಿಸಿ ನಿಲ್ಲಿಸಿ, ಉಕ್ಕಿನ ಕೋಣೆಗೆ ತಂಪು ಹರಿಸುವ ಕೊಳವೆಯನ್ನು ತೆರೆದಿದ್ದಳು. ಆದರೆ ಅದರೊಳಗೆ ಬಿಸಿಯಾದ ತಟ್ಟೆ ಒಮ್ಮೆಲೇ ಆರುವುದಿಲ್ಲ. ಅಂಕಿ ಇಪ್ಪತ್ತೈದಾಯಿತು. ಇಪ್ಪತ್ತಾರು. ಇಪ್ಪತ್ತೇಳು.

“ಕರಗೋಕೆ ಶುರುವಾದ್ರೆ?” ಎಂದಳು ಲುಬ್ನಾ.

“ಗೋಡೆ ಸ್ವಲ್ಪ ತಡೆಯುತ್ತೆ. ಎಷ್ಟು ಅಂತ ನಾನು ಹೇಳಲಾರೆ,” ಎಂದಳು ಹರಿತಾ.

ಇಪ್ಪತ್ತೆಂಟು. ಅಂಕಿ ಅಲ್ಲಿಗೆ ನಿಂತಿತು.

ಗಾಜಿನ ಪೆಟ್ಟಿಗೆಯಲ್ಲಿ ಕಂಡಾಗ ಸ್ವರ್ಗವೆನಿಸಿದ್ದ ಅದೇ ನಿಲುಗಡೆ ಈಗ ಎಲ್ಲರನ್ನೂ ಹೆದರಿಸಿತು. ಒಳಗೆ, ಯಾರ ಕಣ್ಣಿಗೂ ಕಾಣದಂತೆ, ಮೇಣ ಉಳಿದ ಬಿಸಿಯನ್ನು ಕುಡಿಯುತ್ತಿದೆ, ಕುಡಿದಷ್ಟೂ ಹಿಗ್ಗುತ್ತಿದೆ. ರತ್ನಮ್ಮ ಉಕ್ಕಿನ ಕೋಣೆಯ ದುಂಡು ಕಿಟಕಿಗೆ ಕಣ್ಣಿಟ್ಟಳು. ಒಳಗೆ ಮಂಕು ಬೆಳಕಿನಲ್ಲಿ ಪುಟ್ಟ ಪೆಟ್ಟಿಗೆ ಜ್ವರಕ್ಕೆ ಕೂತ ಹುಳುವಿನಂತೆ ಸುಮ್ಮನಿತ್ತು. ಚಾಕಿ ಮನೆಯಲ್ಲಾದರೆ ಗೋಣಿತಾಟಿಗೆ ನೀರು ಹಾಕಬಹುದಿತ್ತು, ಬಾಗಿಲು ತೆಗೆಯಬಹುದಿತ್ತು, ಏನಾದರೂ ಮಾಡಬಹುದಿತ್ತು. ಇಲ್ಲಿ ಕೈಕಟ್ಟಿ ನಿಲ್ಲಬೇಕು. ನಿಂತಳು.

ಎಷ್ಟು ಹೊತ್ತಾಯಿತೋ. ಹರಿತಾ ಹಿಂದಿನಿಂದ ಮೆಲ್ಲನೆ, “ಇಪ್ಪತ್ತೇಳು,” ಎಂದಳು.

ರತ್ನಮ್ಮ ಕಿಟಕಿ ಬಿಟ್ಟು ಬಂದು ಪರದೆಯ ಅಂಕಿಯನ್ನು ತನ್ನ ಕಣ್ಣಲ್ಲೇ ನೋಡಿದಳು.

ಕೋಣೆ ತೆರೆದು ಪೆಟ್ಟಿಗೆಯನ್ನು ಹೊರತೆಗೆದಾಗ ಹರಿತಾ ಉಕ್ಕಿನ ಪಟ್ಟಿಯನ್ನು ಅದರ ಮೈಮೇಲೆ ಅಡ್ಡಲಾಗಿಟ್ಟು, ಅಡಿಯಲ್ಲಿ ಬೆಳಕು ಇಣುಕುತ್ತದೆಯೇ ಎಂದು ನೋಡಿದಳು. ಎಲ್ಲೂ ಉಬ್ಬಿರಲಿಲ್ಲ. ಬೆಸುಗೆಯ ಗೀಟಿನಲ್ಲಿ ಬಿರುಕಿರಲಿಲ್ಲ. ಕೊಳವೆಯನ್ನು ಮತ್ತೊಮ್ಮೆ ಕತ್ತರಿಸಿ ಮುಚ್ಚುವಷ್ಟು ಉದ್ದವಿತ್ತು, ಮತ್ತೊಂದು ಸಲಕ್ಕಿರಲಿಲ್ಲ.

“ಕೆಳಗಡೆಯಿಂದ ಬಿಸಿ ಮಾಡೋ ಹಾಗಿಲ್ಲ,” ಎಂದು ಹರಿತಾ ಲುಬ್ನಾಳಿಗೆ ವಿವರಿಸಿದಳು. “ಮೇಲೆ ಗಟ್ಟಿ, ಕೆಳಗೆ ನೀರಾದ್ರೆ ಹೋಗೋಕೆ ದಾರಿ ಇರಲ್ಲ. ಕೊಳವೆ ಕಡೆಯಿಂದ ಇಷ್ಟಿಷ್ಟೇ ಕರಗಿಸಿ ತೆಗೀಬೇಕು.” ಆಮೇಲೆ ರತ್ನಮ್ಮನ ಕಡೆ ತಿರುಗಿದಳು. “ನೀವು ತೆಗೀರಿ.”

ಸುನೀಲ್‌ಕುಮಾರ್ ಹುಬ್ಬು ಗಂಟಿಕ್ಕಿದ. “ಮತ್ತೆ ಅವರ ಕೈಗೇ ಕೊಡ್ತೀರಾ?”

“ಎಷ್ಟು ಹಾಕಿದ್ರು ಅಂತ ಗೊತ್ತಿರೋದು ಅವರೊಬ್ಬರಿಗೆ. ತಕ್ಕಡಿ ಮುಂದೆ ನಾನು ನಿಂತಿರ್ತೀನಿ,” ಎಂದಳು ಹರಿತಾ. ಅವಳ ದನಿಯಲ್ಲಿ ಮರುಕವಿರಲಿಲ್ಲ. ರತ್ನಮ್ಮನಿಗೆ ಅದೇ ಹಿತವಾಯಿತು.

ಲುಬ್ನಾ ಕೊಳವೆಯ ತುದಿಯನ್ನು ಕತ್ತರಿಸಿದಳು. ಸಣ್ಣ ದೀಪದ ಶಾಖಕ್ಕೆ ಮೇಣ ಮೇಲಿನಿಂದ ತಿಳಿಯಾಗುತ್ತ ಬಂತು. ರತ್ನಮ್ಮ ಸಿರಿಂಜಿನಲ್ಲಿ ಅದನ್ನು ಎಳೆದು ಎಳೆದು ಗಾಜಿನ ಸೀಸೆಗೆ ಬಿಟ್ಟಳು. ಹಾಕುವಾಗ ಒಂದು ಗಳಿಗೆಯ ಕೆಲಸವಾಗಿದ್ದದ್ದು ತೆಗೆಯುವಾಗ ಮಧ್ಯಾಹ್ನವೆಲ್ಲ ಹಿಡಿಯಿತು. ತನ್ನ ಕೊಸರನ್ನು ತಾನೇ ಹಿಂದಕ್ಕೆ ತೆಗೆದುಕೊಳ್ಳುವುದು ಆಕೆಯ ಬದುಕಿನಲ್ಲಿ ಅದೇ ಮೊದಲು. ತಕ್ಕಡಿಯ ಅಂಕಿ ಸರಿಯಾದಾಗ ಹರಿತಾ “ಸಾಕು” ಎಂದಳು. ಕೊಳವೆಯೊಳಗೆ ಮತ್ತೆ ಆ ತಗ್ಗು ಮೂಡಿತ್ತು. ಮೊದಲು ಕೊರತೆಯಾಗಿ ಕಂಡಿದ್ದ ಅದೇ ತಗ್ಗನ್ನು ರತ್ನಮ್ಮ ಬಹಳ ಹೊತ್ತು ನೋಡಿದಳು.

ತಪ್ಪಿಗೆ ಶಿಕ್ಷೆಯಾಯಿತು. ಆಗಬೇಕಾದ್ದೇ. ಆ ಬೇಸಿಗೆಯೆಲ್ಲ ಆಕೆಗೆ ಆಲಿಕೆ ಮುಟ್ಟುವ ಅಪ್ಪಣೆಯಿರಲಿಲ್ಲ. ಪಾತ್ರೆ ತೊಳೆಯುವ, ನೆಲ ಒರೆಸುವ ಕೆಲಸ ಮಾಡಿದಳು, ಒಂದು ಮಾತೂ ಗೊಣಗದೆ. ಪೆಟ್ಟಿಗೆ ಬಿಸಿಯನ್ನೂ ಚಳಿಯನ್ನೂ ಮತ್ತೆ ಮತ್ತೆ ಉಂಡು, ಪ್ರತಿ ಸಲವೂ ಇಪ್ಪತ್ತೆಂಟರಲ್ಲಿ ನಿಂತು ತೋರಿಸಿ, ಪರೀಕ್ಷೆ ಗೆದ್ದು ಹೊರಟುಹೋಯಿತು. ಮಳೆಗಾಲ ಹಿಡಿದ ಮೇಲೆ ಹೊಸ ಪೆಟ್ಟಿಗೆಗಳು ಬಂದವು. ಹರಿತಾ ಆಲಿಕೆಯನ್ನು ತಂದು ರತ್ನಮ್ಮನ ಮುಂದಿಟ್ಟಳು.

ಲುಬ್ನಾ ಮಾತ್ರ ಬಿಡಲಿಲ್ಲ. “ಆಂಟಿ, ಸಾರಿಗೆ ಉಪ್ಪು ಹಾಕುವಾಗ ಕೊಸರು ಗಿಸರು ಹಾಕಿಲ್ಲ ತಾನೆ?” ಎಂದು ದಿನವೂ ಡಬ್ಬಿ ತೆರೆಯುವಾಗ ಕೇಳುತ್ತಿದ್ದಳು.

“ನಿನ್ನ ಬಾಯಿಗೆ ಹಾಕ್ಬೇಕು ಬೆಸುಗೆ,” ಎನ್ನುತ್ತಿದ್ದಳು ರತ್ನಮ್ಮ. ಅವರೆಕಾಯಿಗೆ ಮಾತ್ರ ಆಕೆ ಕೊಸರು ಬಿಡಲಿಲ್ಲ. ಆ ವರ್ಷವೂ ಸೇರಿನ ಮೇಲೊಂದು ಹಿಡಿ ಬಿದ್ದೇ ಬಿತ್ತು.

ಹೊರತೆಗೆದ ಮೇಣವನ್ನು ಮತ್ತೆ ಬಳಸುವಂತಿರಲಿಲ್ಲವಾಗಿ ಹರಿತಾ ಆ ಸೀಸೆಯನ್ನು ಆಕೆಗೇ ಕೊಟ್ಟಿದ್ದಳು. ಅದು ಈಗ ಸಾದಲಿಯ ಮನೆಯ ಕಿಟಕಿಯಲ್ಲಿದೆ, ಹಳೆಯ ಚಾಕಿ ಮನೆಯ ಥರ್ಮಾಮೀಟರಿನ ಪಕ್ಕದಲ್ಲಿ. ಮುಂಜಾವಿನಲ್ಲಿ ಕಲ್ಲು; ಹೊತ್ತೇರಿದರೆ ನೀರು. ಉಪಗ್ರಹ ಮೇಲೆ ಹೋಯಿತೆಂದು ಸುದ್ದಿ ಬಂದ ಸಂಜೆ ಆಕೆ ಅದನ್ನು ಹಿಡಿದು ತೋಟದ ಬದುವಿಗೆ ಬಂದಳು. ಚನ್ನಕೇಶವ ಸೊಪ್ಪಿನ ಹೊರೆ ಇಳಿಸಿ ಆಕಾಶ ನೋಡಿದ.

“ಎಲ್ಲೇ ಅದು?”

“ಕಾಣಲ್ಲ. ನಮ್ಮ ನೆತ್ತಿ ಮೇಲೆ ಒಂದಿನ ಬಂದೇ ಬರುತ್ತಂತೆ.”

“ಈಗ ಕರಗಿದೆಯೋ, ಹೆಪ್ಪಾಗಿದೆಯೋ?”

ಅವನು ತಮಾಷೆ ಮಾಡುತ್ತಿರಲಿಲ್ಲ. ರತ್ನಮ್ಮ ಸೀಸೆಯನ್ನು ಅಂಗೈಯಲ್ಲಿ ಮುಚ್ಚಿ ಹಿಡಿದಳು. ತಂಪು ಗಾಳಿಗೆ ಬಿಳಿಯ ಕಲ್ಲಾಗಿದ್ದ ಮೇಣ ಆಕೆಯ ಮೈಬಿಸಿಗೆ ಅಂಚಿನಿಂದ ಮಿನುಗತೊಡಗಿತು. ಬೆರಳು ಬಿಡಿಸಿ ಗಂಡನಿಗೆ ತೋರಿಸಿದಳು. ತಿಳಿಯಾದ ಮೇಣ ಹಿಗ್ಗುತ್ತ, ಸೀಸೆಯ ಕುತ್ತಿಗೆಯಲ್ಲಿ ಆಕೆ ಬಿಟ್ಟಿದ್ದ ಖಾಲಿ ಜಾಗದೊಳಕ್ಕೆ ಏರಿತು. ಬಿರಡೆಯ ಹತ್ತಿರ ಬಂದು, ಅದನ್ನು ಮುಟ್ಟದೆ ನಿಂತಿತು.